ಮೋಆಬ್ ಕಡೆ ಟೆಂಟ್ ಹಾಕುವವರು ಯಾವ ಟಾಯ್ಲೆಟ್ ಬ್ಯಾಗ್ ಕೊಳ್ಳಬೇಕು?

ಅಮೆರಿಕದ ಯೂಟಾ ರಾಜ್ಯದಲ್ಲಿ ಮೋಆಬ್ ಸುತ್ತಮುತ್ತ ಕ್ಯಾಂಪಿಂಗ್ ಹೊರಡುವವರು ಟೆಂಟಿಗೆ, ಸ್ಲೀಪಿಂಗ್ ಬ್ಯಾಗಿಗೆ ವಾರಗಟ್ಟಲೆ ರಿವ್ಯೂ ಓದುತ್ತಾರೆ. ಕಕ್ಕಸಿಲ್ಲದ ಕಡೆ ಮಲ ತುಂಬಿ ವಾಪಸ್ ಒಯ್ಯುವ, ಮೂರು ನಾಲ್ಕು ಡಾಲರಿನ ಟಾಯ್ಲೆಟ್ ಬ್ಯಾಗನ್ನು ಮಾತ್ರ ಹೊರಡುವ ದಿನ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾರೆ. ಆ ನೆಲಕ್ಕೆ ಟೆಂಟಿಗಿಂತ ಮುಖ್ಯವಾದ ಸಾಮಾನು ಈ ಬ್ಯಾಗೇ. ಅಂಗಡಿಯಲ್ಲಿ ಸಿಗುವ ಎರಡು ಬಗೆಗಳಲ್ಲಿ ಯಾವುದು ಯಾರಿಗೆ ಒಗ್ಗುತ್ತದೆ, ಎಲ್ಲಿ ಕೈಕೊಡುತ್ತದೆ, ನೀರು ಬಳಸುವ ನಮ್ಮಂಥವರು ಏನು ಮಾಡಬೇಕು ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದೆ.

ಮೊದಲು ಜಾಗದ ವಿಷಯ. ಮೋಆಬ್ ಊರಿನ ಆಚೆಗಿನ ಬಹುಪಾಲು ಜಮೀನು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಬಿ.ಎಲ್.ಎಂ.ನ ಕೈಯಲ್ಲಿದೆ. ನಮ್ಮ ಗೋಮಾಳದ ಹಾಗೆ ದನ ಮೇಯುವುದೂ ಉಂಟು, ಜನ ಟೆಂಟ್ ಹಾಕುವುದೂ ಉಂಟು. 128ನೇ ಹೆದ್ದಾರಿಯಲ್ಲಿ ಕೊಲರಾಡೋ ನದಿಯ ದಂಡೆಗುಂಟ ಗೂಸ್ ಐಲೆಂಡ್, ಬಿಗ್ ಬೆಂಡ್, ಹಿಟ್ಟಲ್ ಬಾಟಮ್ ಮುಂತಾದ ಕ್ಯಾಂಪ್‌ಗ್ರೌಂಡುಗಳಿವೆ. ಅಲ್ಲಿ ಗುಂಡಿ ಕಕ್ಕಸು ಇದೆ, ಕುಡಿಯುವ ನೀರಿಲ್ಲ. ಮಾರ್ಚಿನಿಂದ ಮೇವರೆಗೂ, ಸೆಪ್ಟೆಂಬರ್-ಅಕ್ಟೋಬರಿನಲ್ಲೂ ಅವು ಬೆಳಗ್ಗೆಯೇ ತುಂಬಿಹೋಗುತ್ತವೆ. ಆಗ ಜನ ಕಕ್ಕಸಿಲ್ಲದ ಬಯಲು ಸೈಟುಗಳ ಕಡೆ ತಿರುಗುತ್ತಾರೆ. ಮೋಆಬ್ ಸುತ್ತ ಗುರುತು ಮಾಡಿಟ್ಟ ಇಂಥ ಹಲವು ಸೈಟುಗಳಲ್ಲಿ ಸ್ವಂತ ಟಾಯ್ಲೆಟ್ ತರಲೇಬೇಕು, ಮಲವನ್ನು ವಾಪಸ್ ಒಯ್ಯಲೇಬೇಕು ಎಂಬುದು ನಿಯಮ. ದಕ್ಷಿಣಕ್ಕೆ ಗ್ಲೆನ್ ಕ್ಯಾನ್ಯನ್ ಸೀಮೆಯ ಕಣಿವೆಯಾದ ಕಯೋಟಿ ಗಲ್ಚ್‌ನಲ್ಲಿ, ಅರಿಜೋನಾ ಗಡಿಯ ಪರಿಯಾ ಕ್ಯಾನ್ಯನ್‌ನಲ್ಲಿ ಕೂಡ ಹಾಗೆಯೇ.

ಗುಂಡಿ ತೋಡಿ ಮುಚ್ಚಿದರೆ ಸಾಲದೇ? ಮಲೆನಾಡಿನ ಮಣ್ಣಿನಲ್ಲಿ ಆರೇಳು ಇಂಚು ಆಳದಲ್ಲಿ ಮುಚ್ಚಿದ್ದು ಮಳೆ, ಎರೆಹುಳು, ಗೆದ್ದಲು ಸೇರಿ ಮಣ್ಣಾಗುತ್ತದೆ. ಮೋಆಬಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 9 ಇಂಚು, ನಮ್ಮ ಬಯಲುಸೀಮೆಯ ಅತಿ ಒಣ ತಾಲ್ಲೂಕುಗಳಿಗಿಂತಲೂ ಕಡಿಮೆ. ಮರಳಿನಲ್ಲಿ ಕೊಳೆಸುವ ಜೀವಿಗಳಿಗೆ ತೇವವೂ ಇಲ್ಲ, ಆಹಾರವೂ ಇಲ್ಲ. ಹೂತಿಟ್ಟದ್ದು ಒಣಗಿ ಹಾಗೇ ಉಳಿಯುತ್ತದೆ. ಗಾಳಿ ಮರಳನ್ನು ಸರಿಸಿದರೆ ಪೇಪರ್ ಮೇಲೆದ್ದು ಪೊದೆಗೆ ಸಿಕ್ಕಿಕೊಳ್ಳುತ್ತದೆ. ಬೇಸಿಗೆಯ ಕೊನೆಗೆ ಹಠಾತ್ ಮಳೆ ಬಂದರೆ ಬತ್ತಿದ ಹಳ್ಳ ತುಂಬಿ, ಇದ್ದದ್ದೆಲ್ಲ ಕೆಳಗಿನವರು ನೀರು ತುಂಬಿಕೊಳ್ಳುವ ಕಡೆಗೆ ಹರಿಯುತ್ತದೆ.

ತೋಡುವುದೇ ಒಂದು ಹಾನಿ. ಪೊದೆಗಳ ನಡುವೆ ಸೀದ ದೋಸೆಯ ಅಂಚಿನಂತೆ ಕಪ್ಪಗೆ, ಉಬ್ಬುತಗ್ಗಾಗಿ ಕಾಣುವ ನೆಲವಿದೆಯಲ್ಲ, ಅದು ಬರೀ ಮಣ್ಣಲ್ಲ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಸೇರಿ ಕಟ್ಟಿದ ಜೀವಂತ ಪದರ. ಬಾಗಿ ಹತ್ತಿರದಿಂದ ನೋಡಿದರೆ ಅಂಗುಲದೆತ್ತರದ ಪುಟ್ಟ ಗೋಪುರಗಳು ಸಾಲುಸಾಲಾಗಿ ನಿಂತಿರುತ್ತವೆ, ತುದಿಯಲ್ಲಿ ಕಪ್ಪು, ಬುಡದಲ್ಲಿ ಕೆಂಪು ಮರಳು. ಮಳೆ ತಾಗಿದಾಗ ಮೈಕ್ರೋಕೋಲಿಯಸ್ ಎಂಬ ಎಳೆಯಾಕಾರದ ಜೀವಿ ಮರಳಿನ ಸಂದಿಯಲ್ಲಿ ಹರಿದು, ಹಿಂದೆ ಅಂಟಂಟಾದ ಕವಚವನ್ನು ಬಿಟ್ಟು ಹೋಗುತ್ತದೆ. ಒಣಗಿದ ಮೇಲೆ ಆ ಕವಚವೇ ಮರಳಿನ ಕಣಗಳನ್ನು ಹೂವಿನ ಹಾರದಂತೆ ಪೋಣಿಸಿ ಹಿಡಿದಿರುತ್ತದೆ. ಅಲ್ಲಿ ಗಾಳಿಗೆ ಮಣ್ಣು ಹಾರಿಹೋಗದೆ ನಿಂತಿರುವುದು ಇದರಿಂದ. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಪೂರ್ತಿ ಕೂಡಿಕೊಳ್ಳಲು ದಶಕಗಳೇ ಬೇಕು. ಸಲಿಕೆ ಹಿಡಿದು ಪೊದೆಯ ಮರೆ ಹುಡುಕಿ ಹೊರಟವರು ತುಳಿಯುವುದು ಇದನ್ನೇ.

ಇನ್ನು ಬ್ಯಾಗು. ಜನ ಇದನ್ನು ವ್ಯಾಗ್ ಬ್ಯಾಗ್ ಅನ್ನುತ್ತಾರೆ. ಪೊಟ್ಟಣ ಬಿಚ್ಚಿದರೆ ನಾಲ್ಕು ಸಾಮಾನು: ತಳದಲ್ಲಿ ಪೌಡರ್ ಹಾಕಿರುವ ಅಗಲ ಬಾಯಿಯ ಒಳಚೀಲ, ಜಿಪ್ ಇರುವ ದಪ್ಪ ಹೊರಚೀಲ, ಸ್ವಲ್ಪ ಟಾಯ್ಲೆಟ್ ಪೇಪರ್, ಕೈ ಒರೆಸುವ ಒಂದು ವೈಪ್. ಪೌಡರ್ ಬಹುಮಟ್ಟಿಗೆ ಮಕ್ಕಳ ಡೈಪರಿನಲ್ಲಿರುವ ನೀರು ಹೀರುವ ಪಾಲಿಮರ್. ಜೊತೆಗೆ ವಾಸನೆ ತಗ್ಗಿಸುವ ಮತ್ತು ಕೊಳೆಯಲು ನೆರವಾಗುವ ಪದಾರ್ಥ. ದ್ರವ ತಾಗಿದ ಕೂಡಲೇ ಉಬ್ಬಿ ಗಟ್ಟಿ ಲೋಳೆಯಾಗುತ್ತದೆ, ಆಮೇಲೆ ಚೀಲ ಮಗುಚಿದರೂ ಸುರಿಯುವುದಿಲ್ಲ.

ಈ ಪಾಲಿಮರಿನ ಒಂದು ಗುಣ ತಿಳಿದಿರಬೇಕು. ಶುದ್ಧ ನೀರನ್ನಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಉಪ್ಪು ಸೇರಿದ ದ್ರವವನ್ನು ಅದರ ಹತ್ತರಲ್ಲೊಂದು ಭಾಗದಷ್ಟು ಹೀರಿದರೆ ಹೆಚ್ಚು. ಮೂತ್ರದಲ್ಲಿ ಉಪ್ಪಿರುತ್ತದೆ. ಹಾಗಾಗಿ ರಾತ್ರಿಯ ಮೂತ್ರವೆಲ್ಲ ಇದೇ ಬ್ಯಾಗಿಗೆ ಹೋದರೆ ಬೆಳಗಾಗುವಷ್ಟರಲ್ಲಿ ಪೌಡರಿನ ಶಕ್ತಿ ಮುಗಿದಿರುತ್ತದೆ. ‘ಸೋರಿತು’ ಎಂಬ ದೂರುಗಳಲ್ಲಿ ಬಹಳಷ್ಟರ ಬೇರು ಇಲ್ಲೇ ಇದೆ. ಮೂತ್ರಕ್ಕೆ ಬೇರೆ ಜಾಗ: ಕ್ಯಾಂಪಿನಿಂದ, ನೀರಿನ ಗುಂಡಿಗಳಿಂದ 200 ಅಡಿ ದೂರದ ಬರಿ ಬಂಡೆ ಅಥವಾ ಹಳ್ಳದ ಮರಳು. ಕೊಲರಾಡೋ ನದಿಯ ದಂಡೆಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ನೇರ ನದಿಗೇ ಮಾಡಬೇಕು ಎನ್ನುತ್ತಾರೆ, ಯಾಕೆಂದರೆ ಅಷ್ಟು ದೊಡ್ಡ ಹರಿವಿನಲ್ಲಿ ಅದು ಕರಗಿಹೋಗುತ್ತದೆ, ದಡದ ಮರಳಿಗೆ ಬಿಟ್ಟರೆ ಇಡೀ ಸೀಜನ್ ನಾರುತ್ತದೆ.

ಮಾರುಕಟ್ಟೆಯಲ್ಲಿ ಇರುವುದು ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಒಳಚೀಲ, ಹೊರಚೀಲ ಬೇರೆಬೇರೆ. ಕ್ಲೀನ್‌ವೇಸ್ಟ್ ಕಂಪನಿಯ ‘ಗೋ ಎನಿವೇರ್’ ಕಿಟ್ ಈ ಜಾತಿಯದು. ಇನ್ನೊಂದರಲ್ಲಿ ಒಳಚೀಲ ಹೊರಚೀಲಕ್ಕೇ ಅಂಟಿಕೊಂಡಿರುತ್ತದೆ. ‘ರೆಸ್ಟಾಪ್ 2’ ಇದಕ್ಕೆ ಉದಾಹರಣೆ. ಬಿಡಿ ಚೀಲದ ಬಗೆ, ಕೂರಲು ಟಾಯ್ಲೆಟ್ಟಿನಂತೆ ಬಳಸುವ ಬಕೆಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಅಂಚನ್ನು ಹೊರಕ್ಕೆ ಗೇಣುದ್ದ ಮಡಚಬಹುದು, ಮೇಲೆ ಸೀಟು ಕೂರಿಸಿದರೆ ಚೀಲ ಅಲ್ಲಾಡದು. ಅದೇ ಚೀಲವನ್ನು ಎರಡು ಮೂರು ಸಲ ಬಳಸುವುದೂ ಸುಲಭ. ಅಂಟಿಕೊಂಡಿರುವ ಬಗೆಯಲ್ಲಿ ಹೊರಚೀಲ ಅನಿಲವನ್ನೇ ಹೊರಬಿಡದಷ್ಟು ದಪ್ಪ, ವಾಸನೆ ತಡೆಯುವುದರಲ್ಲಿ ಮೇಲುಗೈ ಇದರದೇ. ಗಾಳಿಯಲ್ಲಿ, ಮಬ್ಬುಗತ್ತಲಲ್ಲಿ ಒಂದು ಚೀಲದ ಬಾಯಿಗೆ ಇನ್ನೊಂದನ್ನು ತುರುಕುವ ಪರದಾಟವಿಲ್ಲ. ಬಕೆಟ್ಟಿನ ಮೇಲೆ ಮಾತ್ರ ಹೊರಚೀಲದ ದಪ್ಪ ಒಂದು ಕಡೆ ಜಗ್ಗುತ್ತದೆ.

ಕಾರಿನ ಪಕ್ಕ ಟೆಂಟ್ ಹಾಕುವ ಕುಟುಂಬಕ್ಕೆ ಬಿಡಿ ಚೀಲದ ಬಗೆ ಮತ್ತು ಬಕೆಟ್ಟು. ಬೆನ್ನಿಗೆ ಹೊತ್ತು ಕಯೋಟಿ ಗಲ್ಚ್‌ಗೆ ಇಳಿಯುವವರಿಗೆ ಅಂಟಿದ ಬಗೆ, ಯಾಕೆಂದರೆ ಎರಡು ಮೂರು ದಿನ ಅದು ಊಟದ ಸಾಮಾನಿನ ಜೊತೆ ಒಂದೇ ಬ್ಯಾಕ್‌ಪ್ಯಾಕಿನಲ್ಲಿ ಇರಬೇಕು. ಅಂಗಡಿಯ ಕಪ್ಪು ಕಸದ ಚೀಲಕ್ಕೆ, ಸಾಕುಬೆಕ್ಕಿನ ಕಕ್ಕಸಿಗೆ ಬಳಸುವ ಮರಳು ಹಾಕಿ ತಯಾರಿಸಿದ ಅಗ್ಗದ ಬದಲಿ ಮನೆಯಂಗಳದಲ್ಲಿ ನಡೆದೀತು. ಕಲ್ಲುರಸ್ತೆಯ ಮೇಲೆ 20 ಮೈಲಿ ಕುಲುಕಾಡಿದ ಮೇಲೆ ಅದನ್ನು ನಂಬಲಾಗದು.

ಬಕೆಟ್ಟಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡಬೇಕು. 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿನ ಸಾಮಾನ್ಯ ಬಕೆಟ್ಟಿಗೆ ಒತ್ತಿ ಕೂರಿಸುವ ಸೀಟು ಪ್ರತ್ಯೇಕ ಸಿಗುತ್ತದೆ. ಚೀಲದ ತಳ ಬಕೆಟ್ಟಿನ ತಳಕ್ಕೆ ಮುಟ್ಟುವಂತೆ ಸಡಿಲ ಬಿಡಿ. ತೂಗುಬಿಟ್ಟರೆ ಭಾರವೆಲ್ಲ ಅಂಚಿನ ಮೇಲೆ ಬಿದ್ದು ಚೀಲ ಒಳಕ್ಕೆ ಜಾರುತ್ತದೆ, ಇಲ್ಲವೇ ಸೀಟಿನ ಕೊಕ್ಕೆ ಇರುವಲ್ಲಿ ಹರಿಯುತ್ತದೆ. ಸೀಟಿನ ಎಲ್ಲ ಕೊಕ್ಕೆಗಳೂ ‘ಟಕ್’ ಅಂದಿವೆಯೇ ನೋಡಿದ ಮೇಲೆಯೇ ಕೂರಬೇಕು. ಬೇಸಿಗೆಗೆ ಊರಿನಿಂದ ಬಂದ ಅಪ್ಪ ಅಮ್ಮನಿಗೆ, ಅದರಲ್ಲೂ ಮಂಡಿನೋವು ಇರುವವರಿಗೆ ಬಕೆಟ್ಟು ತುಸು ತಗ್ಗು, ಮಿಸುಕಿದರೆ ಓಲಾಡುತ್ತದೆ. ಅವರಿಗಾಗಿ ಮಡಚುವ ಕಾಲಿನ ಟಾಯ್ಲೆಟ್ ಸ್ಟ್ಯಾಂಡ್ ಕೊಂಡರೆ ಹಣ ದಂಡವಲ್ಲ. ಅದರ ಕಾಲುಗಳನ್ನು ಮೆತ್ತನೆ ಮರಳಿನಲ್ಲಿ ನೇರ ಊರಿದರೆ ಒಂದು ಕಡೆ ಹೂತು ವಾಲುತ್ತದೆ. ಕೆಳಗೆ ಒಂದು ಪ್ಲೈವುಡ್ ತುಂಡೋ ಚಪ್ಪಟೆ ಬಂಡೆಯೋ ಇರಲಿ.

ಬಳಸುವ ಕ್ರಮದಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು ಗಾಳಿ. ಮೋಆಬಿನ ವಸಂತಕಾಲದ ಗಾಳಿಗೆ ಚೀಲ ಬಿಡಿಸುತ್ತಿದ್ದಂತೆಯೇ ಬಾಯಿ ತಲೆಕೆಳಗಾಗಿ ಪೌಡರ್ ಮುಖಕ್ಕೆ ಹಾರುತ್ತದೆ, ಕಣ್ಣು ಉರಿಯುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತು, ಚೀಲದ ತಳವನ್ನು ಮೊದಲು ಬಕೆಟ್ಟಿಗೆ ಇಳಿಸಿ, ಆಮೇಲೆ ಬಾಯಿ ಬಿಚ್ಚಿ. ಪೌಡರ್ ಒಂದೇ ಮೂಲೆಯಲ್ಲಿ ಗಂಟುಕಟ್ಟಿರುತ್ತದೆ, ಹೊರಗಿನಿಂದ ಬೆರಳಲ್ಲಿ ತಟ್ಟಿ ತಳದ ತುಂಬ ಹರಡಿ. ಎರಡನೆಯದು ಮರೆಗಾಗಿ ತರುವ ಪುಟ್ಟ ಟೆಂಟು. ಅದರ ಮೊಳೆ ಮರಳಿನಲ್ಲಿ ನಿಲ್ಲುವುದಿಲ್ಲ, ಬಂಡೆಯ ಮೇಲೆ ಇಳಿಯುವುದೇ ಇಲ್ಲ. ನಾಲ್ಕು ಬಟ್ಟೆ ಚೀಲಕ್ಕೆ ಮರಳು ತುಂಬಿ ನಾಲ್ಕು ಮೂಲೆಗೆ ಕಟ್ಟಿ, ಹೊರಡುವಾಗ ಮರಳನ್ನು ತೆಗೆದ ಜಾಗಕ್ಕೇ ಸುರಿಯಿರಿ.

ಈಗ ನೀರಿನ ಪ್ರಶ್ನೆ. ಈ ಕಿಟ್‌ಗಳನ್ನು ಮಾಡಿರುವುದು ಪೇಪರ್ ಬಳಸುವವರನ್ನು ಕಣ್ಣ ಮುಂದೆ ಇಟ್ಟುಕೊಂಡು. ತಂಬಿಗೆ ನೀರಿಲ್ಲದೆ ಆಗದು ಅನ್ನುವವರು ನಮ್ಮಲ್ಲಿ ಬಹಳ ಮಂದಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತೊಳೆದ ನೀರು ನೆಲಕ್ಕೆ ಬಿದ್ದರೆ ಬ್ಯಾಗ್ ತಂದ ಉದ್ದೇಶವೇ ಕೆಟ್ಟಿತು. ಆ ನೀರಿನಲ್ಲೂ ರೋಗಾಣು ಇರುತ್ತದೆ. ಅದೂ ಚೀಲದೊಳಗೇ ಬೀಳಬೇಕು. ತಂಬಿಗೆಯಲ್ಲಿ ಸುರಿದುಕೊಂಡರೆ ಅರ್ಧ ಲೀಟರ್ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ, ಪೌಡರ್ ಹೀರಿ ಮುಗಿದ ಮೇಲೂ ಮೇಲೆ ನೀರು ನಿಂತಿರುತ್ತದೆ. ಬಾಗಿದ ಮೂತಿಯ ಒತ್ತುವ ಬಾಟಲಿ, ಅಥವಾ ಮಾಮೂಲಿ ನೀರಿನ ಬಾಟಲಿಗೆ ಸಿಕ್ಕಿಸುವ, ತೊಳೆಯಲು ನೀರು ಚಿಮ್ಮಿಸುವ ‘ಬಿಡೆ’ (bidet) ಮುಚ್ಚಳ ಇಟ್ಟುಕೊಳ್ಳಿ. ಬಾಣಂತಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ಬಾಟಲಿಯೂ ಇದಕ್ಕೆ ಸೊಗಸಾಗಿ ಆಗುತ್ತದೆ. ಸಣ್ಣ ಧಾರೆಯಾಗಿ ಬಿಟ್ಟರೆ 150 ಮಿಲಿಲೀಟರ್ ಸಾಕು. ಕೂರುವ ಮುಂಚೆ ಬಾಟಲಿಗೆ ಅಷ್ಟೇ ಅಳೆದು ತುಂಬಿ; ಅಳತೆ ಮೀರುವ ಪ್ರಶ್ನೆಯೇ ಬರುವುದಿಲ್ಲ.

ನೀರು ಬಳಸುವವರು ಇನ್ನೆರಡು ಲೆಕ್ಕ ಹಾಕಬೇಕು. ಒಂದು, ಒಂದೇ ಚೀಲವನ್ನು ಮೂರು ಸಲ ಬಳಸುವ ಆಸೆ ಬಿಟ್ಟು ಎರಡಕ್ಕೆ ನಿಲ್ಲಿಸುವುದು. ಎರಡು, ಪೌಡರ್ ಮಾತ್ರ ಡಬ್ಬಿಯಲ್ಲಿ ಪ್ರತ್ಯೇಕ ಸಿಗುವುದರಿಂದ ಅದನ್ನೂ ತಂದು ಪ್ರತಿ ಬಳಕೆಯ ಮೇಲೆ ಒಂದು ಚಮಚ ಉದುರಿಸುವುದು. ಹೊಟ್ಟೆ ಕೆಟ್ಟವರಿಗೂ ಇದೇ ಉಪಾಯ. ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ, ಅಡುಗೆ ಸಾಮಾನಿನಿಂದ ದೂರ ಇಡಿ. ನೋಡಲು ಸಕ್ಕರೆ ಪುಡಿಯಂತೆಯೇ ಇರುತ್ತದೆ.

ಕಿಟ್‌ನಲ್ಲಿರುವ ವೈಪ್ ಕೈ ತೊಳೆದದ್ದಕ್ಕೆ ಸಮವಲ್ಲ. ಗುಂಪಿನಲ್ಲಿ ಒಬ್ಬರಿಗೆ ವಾಂತಿ-ಭೇದಿ ತರುವ ನೊರೊವೈರಸ್ ಬಂದರೆ ಆಲ್ಕೋಹಾಲ್ ಸ್ಯಾನಿಟೈಜರ್ ಅದನ್ನು ಸರಿಯಾಗಿ ತಡೆಯದು. ಸೋಪು, ಹರಿಯುವ ನೀರು ಬೇಕು. ನಲ್ಲಿ ಇರುವ ಕ್ಯಾನೊಂದನ್ನು ಟಾಯ್ಲೆಟ್ ಪಕ್ಕದಲ್ಲೇ ಇಟ್ಟು, ಕೆಳಗೆ ಒಂದು ಬೋಗುಣಿ ಇಡಿ. ತುಂಬಿದ ಮೇಲೆ 200 ಅಡಿ ಆಚೆ ತೆಳ್ಳಗೆ ಚೆಲ್ಲಿ. ಬಂಡೆಯ ಕುಳಿಗಳಲ್ಲಿ ನಿಂತ ಮಳೆನೀರಿನಲ್ಲಿ ಕೈ ಅದ್ದುವ ಮನಸ್ಸಾಗುತ್ತದೆ, ಬೇಡ. ಆ ಅಂಗೈಯಗಲದ ಗುಂಡಿಗಳಲ್ಲಿ ಉಗುರಿನುದ್ದದ ಸೀಗಡಿಗಳು ಮೊಟ್ಟೆಯೊಡೆದು ಬೆಳೆದು ಮತ್ತೆ ಮೊಟ್ಟೆಯಿಟ್ಟು ನೀರು ಬತ್ತುವ ಮುಂಚೆ ಬದುಕು ಮುಗಿಸಬೇಕು. ಒಂದು ಕೈಯ ಸೋಪೋ ಸನ್‌ಸ್ಕ್ರೀನೋ ಸಾಕು ಆ ನೀರು ಕೆಡಲು.

ಬಳಸಿದ ಮೇಲೆ ಒಳಚೀಲದ ಗಾಳಿಯನ್ನು ಮೆಲ್ಲಗೆ ಒತ್ತಿ ತೆಗೆದು, ಬಾಯಿ ತಿರುಚಿ, ಗಂಟು ಹಾಕಿ, ಹೊರಚೀಲಕ್ಕೆ ಹಾಕಿ ಜಿಪ್ ಎಳೆಯಬೇಕು. ಜಿಪ್‌ನ ಹಳಿಯಲ್ಲಿ ಒಂದು ಮರಳಿನ ಕಣ ಕೂತರೂ ಅಲ್ಲಿಂದ ವಾಸನೆ ಬರುತ್ತದೆ. ಎಳೆಯುವ ಮುಂಚೆ ಒರೆಸಿ. ಗಾಳಿ ತೆಗೆಯದಿದ್ದರೆ ಆಗುವುದೇನೆಂದರೆ, ಮೋಆಬ್ ಊರು ಸುಮಾರು 4,000 ಅಡಿ ಎತ್ತರದಲ್ಲಿದೆ, ಅಲ್ಲಿಂದ 313ನೇ ರಸ್ತೆ ಹತ್ತಿ ಐಲೆಂಡ್ ಇನ್ ದ ಸ್ಕೈ ಎಂಬ ಎತ್ತರದ ಬಯಲಿನ ಕಡೆ ಹೋದರೆ ಸುಮಾರು 6,000 ಅಡಿ. ಎತ್ತರ ಏರಿದಂತೆ ಚಿಪ್ಸ್ ಪೊಟ್ಟಣ ಉಬ್ಬುವ ಹಾಗೆ ಇದೂ ಉಬ್ಬುತ್ತದೆ. ಅದರ ಮೇಲೆ ಬಿಸಿಲಿಗೆ ನಿಲ್ಲಿಸಿದ ಕಾರಿನ ಕಾವು ಸೇರಿದರೆ ಜಿಪ್ ತಾನಾಗಿ ಬಾಯಿಬಿಡುತ್ತದೆ. ಹಾಗಾಗಿ ಜಿಪ್ ಚೀಲವೇ ಕೊನೆಯ ಗೋಡೆಯಾಗಬಾರದು. ರಬ್ಬರ್ ವಾಶರ್ ಇರುವ ತಿರುಗಿಸಿ ಮುಚ್ಚುವ ಮುಚ್ಚಳದ ಇನ್ನೊಂದು ಬಕೆಟ್ಟು ತಂದು, ತಳಕ್ಕೆ ಎರಡು ಹಿಡಿ ಅಡುಗೆ ಸೋಡಾ ಹಾಕಿ, ತುಂಬಿದ ಚೀಲಗಳನ್ನೆಲ್ಲ ಅದರಲ್ಲಿಟ್ಟು, ಕಾರಿನ ನೆರಳಿನಲ್ಲಿ ಹೊರಗಿಡಿ. ಪಿಕಪ್ ಇದ್ದರೆ ಹಿಂದಿನ ತೊಟ್ಟಿಯಲ್ಲಿ ಬಿಗಿದು ಕಟ್ಟಿ.

ನಡಿಗೆಯ ದಾರಿಯಲ್ಲಿ ‘ವಾಪಸ್ ಬರುವಾಗ ಎತ್ತಿಕೊಂಡರಾಯಿತು’ ಎಂದು ಬಂಡೆಯ ಮರೆಯಲ್ಲಿ ಬ್ಯಾಗ್ ಇಟ್ಟು ಮುಂದೆ ಹೋಗುವವರಿದ್ದಾರೆ. ಅಲ್ಲಿನ ದೊಡ್ಡ ಕಾಗೆ, ರೇವನ್, ಚೀಲದ ಜಿಪ್ ಬಿಚ್ಚುವಷ್ಟು ಚುರುಕು. ಕೊಕ್ಕಿನಲ್ಲಿ ಹರಿಯಲು ಅದಕ್ಕೆ ಕ್ಷಣ ಸಾಕು. ಬೇರೆ ದಾರಿಯಿಂದ ಇಳಿದುಬಿಟ್ಟರೆ ಬ್ಯಾಗ್ ಅಲ್ಲೇ ಉಳಿಯಿತು. ಕೊಳೆಯದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಮಲ ಗುಂಡಿಯಲ್ಲಿ ಹೂತದ್ದಕ್ಕಿಂತಲೂ ಕೆಟ್ಟದ್ದು.

ಬಿಸಾಡುವುದು ಊರಿನ ಸಾಮಾನ್ಯ ಕಸದ ಡಬ್ಬಿಗೆ, ಡೈಪರ್ ಬಿಸಾಡಿದ ಹಾಗೆಯೇ. ಪೌಡರ್ ಹಾಕಿ ಮುಚ್ಚಿದ ಇಂಥ ಬ್ಯಾಗುಗಳನ್ನು ಊರಿನ ಕಸ ಹೂಳುವ ಜಾಗಕ್ಕೆ (ಲ್ಯಾಂಡ್‌ಫಿಲ್) ಹಾಕಲು ಅನುಮತಿ ಇದೆ. ದಾರಿಯಲ್ಲಿ ಸಿಗುವ ಕ್ಯಾಂಪ್‌ಗ್ರೌಂಡಿನ ಗುಂಡಿ ಕಕ್ಕಸಿಗೆ ಇದನ್ನು ಎಂದೂ ಹಾಕಬಾರದು. ಆ ಗುಂಡಿಯನ್ನು ಟ್ಯಾಂಕರ್ ಬಂದು ಪೈಪಿನಿಂದ ಹೀರುತ್ತದೆ. ಒಂದು ಪ್ಲಾಸ್ಟಿಕ್ ಚೀಲ ಪೈಪಿಗೆ ಸಿಕ್ಕಿಕೊಂಡರೆ ಕೆಲಸಗಾರರೊಬ್ಬರು ಅದನ್ನು ಕೊಕ್ಕೆ ಹಾಕಿ ಎಳೆಯಬೇಕು. ಆ ಮನುಷ್ಯನನ್ನು ನೆನೆದಾದರೂ ಚೀಲವನ್ನು ಊರಿನವರೆಗೆ ಒಯ್ಯಿರಿ. ಆರ್.ವಿ. ಎಂಬ ಮನೆಗಾಡಿಗಳ ಕಕ್ಕಸಿನ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಶನ್ನಿಗೂ ಇದೇ ಮಾತು. ಅದು ನದಿ ಪ್ರಯಾಣದವರು ಒಯ್ಯುವ, ತೊಳೆದು ಮತ್ತೆ ಬಳಸುವ ಲೋಹದ ಪೆಟ್ಟಿಗೆಯಂಥ ಟಾಯ್ಲೆಟ್‌ಗಳಿಗೆ ಸರಿ. ಎಂಟು ಹತ್ತು ಮಂದಿ ವಾರಗಟ್ಟಲೆ ಹೋಗುವುದಿದ್ದರೆ ಅಂಥ ಪೆಟ್ಟಿಗೆಯನ್ನು ಬಾಡಿಗೆಗೆ ತರುವುದೇ ಅಗ್ಗ, ಪ್ಲಾಸ್ಟಿಕ್ಕೂ ಉಳಿಯುತ್ತದೆ. ಅದರ ಹೆಸರು ‘ಗ್ರೂವರ್’. ಹಿಂದೆ ಸೀಟಿಲ್ಲದ ಮದ್ದುಗುಂಡಿನ ಡಬ್ಬಿಯ ಮೇಲೆ ಕೂತು ತೊಡೆಯ ಮೇಲೆ ಎರಡು ಗೀರು (ಇಂಗ್ಲಿಷಿನಲ್ಲಿ ‘ಗ್ರೂವ್’) ಮೂಡುತ್ತಿದ್ದುದರಿಂದ ಬಂದ ಹೆಸರದು.

ಎಷ್ಟು ಕೊಳ್ಳಬೇಕು? ತಲೆಗೆ ದಿನಕ್ಕೊಂದು, ಮೇಲೆ ನಾಲ್ಕರಲ್ಲೊಂದು ಭಾಗ ಹೆಚ್ಚು. ನಾಲ್ವರು, ಮೂರು ದಿನ ಅಂದರೆ 12 ಮತ್ತು 3, ಒಟ್ಟು 15. ಒಂದೊಂದು ಚೀಲವನ್ನು ಎರಡು ಸಲ ಬಳಸಿದರೆ 8 ಸಾಕು, ಖರ್ಚು 30 ಡಾಲರ್ ಆಸುಪಾಸು. ಮುಟ್ಟಿನ ಪ್ಯಾಡು, ಮಗುವಿನ ಡೈಪರ್ ಇದ್ದರೆ ಅವೂ ಇದೇ ಬಕೆಟ್ಟಿಗೆ ಸೇರುವುದರಿಂದ ಜಾಗ ಲೆಕ್ಕ ಹಾಕಿ. ಕಿಟ್‌ನ ಪೇಪರ್ ಯಾರಿಗೂ ಸಾಲದು, ಒಂದು ರೋಲ್ ಬೇರೆ ಇರಲಿ. ಮಕ್ಕಳು ಬಕೆಟ್ಟಿನ ಮೇಲೆ ಮೊದಲ ದಿನ ಹಟ ಹಿಡಿದು ಕೂರುವುದೇ ಇಲ್ಲ; ಮನೆಯಲ್ಲೇ ಒಮ್ಮೆ ಅಭ್ಯಾಸ ಮಾಡಿಸಿ.

ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ಊರಿನಿಂದಲೇ ತುಂಬಿಕೊಂಡು ಹೋಗಬೇಕು. ತೊಳೆಯಲು ಬಳಸುವವರಿಗೆ ಅರ್ಧ ಲೀಟರ್ ಹೆಚ್ಚು. ಅಡುಗೆಯಲ್ಲಿ ಗಂಜಿ ಬಸಿಯುವ ಅನ್ನ ಬಿಟ್ಟು ಉಪ್ಪಿಟ್ಟಿನಂಥದ್ದನ್ನು ನೆಚ್ಚಿಕೊಂಡರೆ ಚೆಲ್ಲುವ ನೀರೇ ಇರುವುದಿಲ್ಲ. ಪಾತ್ರೆ ತೊಳೆದ ನೀರನ್ನು ಜಾಲರಿಯಲ್ಲಿ ಸೋಸಿ. ಒಗ್ಗರಣೆಯ ಕರಿಬೇವು, ಸಾಸಿವೆ, ಕಿತ್ತಳೆ ಸಿಪ್ಪೆ ಎಲ್ಲವೂ ಕಸದ ಚೀಲಕ್ಕೆ. ‘ಹಸಿ ಕಸ, ಮಣ್ಣಾಗುತ್ತೆ’ ಎಂಬ ನಮ್ಮ ಊರಿನ ತಿಳಿವಳಿಕೆ ಅಲ್ಲಿ ನಡೆಯದು. ಬೆಂಕಿ ಹಾಕುವ ಅನುಮತಿ ಇರುವ ದಿನವಾದರೆ ಕಾಲಿರುವ ಲೋಹದ ತಟ್ಟೆಯಲ್ಲಿ ಹಾಕಿ, ಸೌದೆ ಊರಿನಿಂದ ಕೊಂಡು ಒಯ್ಯಿರಿ, ತಣ್ಣಗಾದ ಬೂದಿಯನ್ನೂ ಡಬ್ಬಿಯಲ್ಲಿ ತನ್ನಿ.

ಈ ಬ್ಯಾಗಿನ ಮೇಲೆ ನ್ಯಾಯವಾದ ಆಕ್ಷೇಪ ಒಂದೇ: ಕೊನೆಗೆ ಇದೂ ಪ್ಲಾಸ್ಟಿಕ್ ಕಸ. ಕೆಲವು ಪೊಟ್ಟಣಗಳ ಮೇಲೆ ಒಳಚೀಲ ಕೊಳೆಯುವಂಥದ್ದು ಎಂದು ಬರೆದಿರುತ್ತದೆ. ಆ ಮಾತಿಗೆ ಮರುಳಾಗಿ ಹೆಚ್ಚು ಬೆಲೆ ಕೊಡಬೇಕಿಲ್ಲ, ಗಾಳಿಯಾಡದ ಕಸದ ರಾಶಿಯಲ್ಲಿ ಏನೂ ಬೇಗ ಕೊಳೆಯುವುದಿಲ್ಲ. ಹಾಗೆ ಬರೆದ ಚೀಲ ಕೆಲವೊಮ್ಮೆ ಹಳೆಯದಾದಂತೆ ತೆಳುವಾಗಿ ಮಡಿಕೆಯಲ್ಲೇ ಬಿರಿಯುತ್ತದೆ ಕೂಡ. ಹಿಂದಿನ ಪ್ರವಾಸದಿಂದ ಗ್ಯಾರೇಜಿನಲ್ಲಿ ಉಳಿದ ಪೊಟ್ಟಣವಿದ್ದರೆ ಹೊರಡುವ ಮುಂಚೆ ಒಂದನ್ನು ಬಿಚ್ಚಿ, ಪೌಡರ್ ಗಡ್ಡೆಕಟ್ಟಿದೆಯೇ ನೋಡಿ, ಒಂದು ಲೋಟ ನೀರು ಹಾಕಿ ಸಿಂಕಿನ ಮೇಲೆ ಹಿಡಿದುನೋಡಿ. ಐದು ನಿಮಿಷದಲ್ಲಿ ಗಟ್ಟಿಯಾಗಿ, ತಳದಲ್ಲಿ ಹನಿ ಕಾಣದಿದ್ದರೆ ಉಳಿದವನ್ನು ಕಾರಿಗೆ ಹಾಕಬಹುದು.